ರತ್ನಕ್ಕನ ಅಡುಗೆಮನೆಯ ಅಳತೆ

ಕಾಪು,
17-2-1985, ಭಾನುವಾರ

ಶಾಲಿನಿಯ ಅಪ್ಪನಿಗೆ ಗುಣವತಿಯ ನಮಸ್ಕಾರಗಳು.

ಮೊದಲು ನಿಮ್ಮ ಬೆರಳಿನ ವಿಷಯ ತಿಳಿಸಿ. ಬಲಗೈ ಹೆಬ್ಬೆರಳಿಗೆ ಉಳಿ ತಾಗಿದೆ ಎಂದು ಒಂದೇ ಒಂದು ಸಾಲು ಬರೆದು, ಮರುಸಾಲಿನಲ್ಲೇ ಮಸ್ಕತ್ತಿನಲ್ಲಿ ತೆಂಗಿನಕಾಯಿಗೆ ಎಷ್ಟು ಕ್ರಯ ಎಂದು ಬರೆಯಲು ಹೊರಟರೆ ಇಲ್ಲಿ ಓದುವವರಿಗೆ ಹೇಗಾಗಬೇಡ? ಎಡಚರಾದ ನಿಮ್ಮ ಉಳಿಗೆ ಯಾವಾಗಲೂ ಬಲಗೈಯ ಮೇಲೆಯೇ ಕೋಪ. ಗಾಯ ಒಣಗಿದೆಯೋ, ಕೀವು ಆಗಿದೆಯೋ, ಉಗುರು ಹೋಗಿದೆಯೋ, ಎಲ್ಲವನ್ನೂ ಬಿಡಿಸಿ ಬರೆಯಿರಿ. ಮರದ ಪುಡಿಗೆ ಬರುವ ಆ ಕೆಮ್ಮು ಅಲ್ಲಿಯೂ ಉಂಟೋ ಹೇಗೆ ಎಂದು ಅತ್ತೆ ಕೇಳುತ್ತಿದ್ದಾರೆ. ಅವರ ಮಂಡಿನೋವು ಇದ್ದಂತೆಯೇ ಇದೆ. ಆದರೆ ಬಸಳೆಗೆ ನೀರು ಹಾಕಲು ನನ್ನನ್ನು ಬಿಡುವುದಿಲ್ಲ, ತಾವೇ ಕೊಡಪಾನ ಹಿಡಿದು ಹೊರಡುತ್ತಾರೆ. ಶಾಲಿನಿಗೆ ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿದೆ, ಹಿಂದಿಯಲ್ಲಿ ಬಂದಿಲ್ಲ. ಹಿಂದಿಯ ವಿಷಯ ಅಪ್ಪನಿಗೆ ಬರೆಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ, ಹಾಗಾಗಿ ನಿಮಗೆ ಅದು ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಊಟ, ನಿದ್ದೆ ಸರಿ ಉಂಟು. ಹೊಟ್ಟೆಯೊಳಗಿನ ಉರಿಯ ಕತೆ ಬೇರೆ, ಅದನ್ನು ಮುಂದೆ ಬರೆಯುತ್ತೇನೆ.

ಮೊಯಿದಿನಬ್ಬರ ಮಗ ಅಲಿ ಇವತ್ತು ಮಧ್ಯಾಹ್ನ ಬೊಂಬಾಯಿ ಬಸ್ಸಿಗೆ ಹೋಗುತ್ತಾನಂತೆ, ಅಲ್ಲಿಂದ ನಿಮ್ಮ ಊರಿಗೆ ವಿಮಾನ. ಅವನ ಕೈಯಲ್ಲಿ ಈ ಪತ್ರವನ್ನೂ ಹಲಸಿನ ಹಪ್ಪಳವನ್ನೂ ಮಾವಿನ ಮಿಡಿಯನ್ನೂ ಕಳಿಸುತ್ತಿದ್ದೇನೆ. ಹಪ್ಪಳವನ್ನು ರೂಮಿನವರಿಗೆಲ್ಲ ಹಂಚಿ ಮುಗಿಸಬೇಡಿ, ನಿಮ್ಮ ಧಾರಾಳ ನನಗೆ ಗೊತ್ತುಂಟು. ನೀವು ಜನವರಿಯಲ್ಲಿ ಬರೆದ ಪತ್ರ ಬಂದಿದೆ. ಮೇ ತಿಂಗಳಿನಿಂದ ಎರಡು ತಿಂಗಳು ರಜೆ ಸಿಗುತ್ತದೆ ಎಂಬುದನ್ನು ಅತ್ತೆ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಅದರ ಕೆಳಗಿನ ಸಾಲನ್ನು ಮಾತ್ರ ನಾನು ಯಾರಿಗೂ ಓದಿ ಹೇಳಲಿಲ್ಲ. ಬಂದ ಮೇಲೆ ಒಮ್ಮೆ ಮಣಿಪಾಲಕ್ಕೆ ಹೋಗಿ ರತ್ನಕ್ಕನ ಅಡುಗೆಮನೆ ಹೇಗಿದೆ ಎಂದು ನೋಡಿ ಬರಬೇಕು ಎಂದು ಬರೆದಿದ್ದೀರಿ. ಎರಡು ವರ್ಷಕ್ಕೆ ಎರಡು ತಿಂಗಳ ರಜೆ, ಅದರಲ್ಲೂ ರತ್ನಕ್ಕನ ಅಡುಗೆಮನೆ. ನಮ್ಮ ಅಡುಗೆಮನೆ ಹೇಗಿದೆ ಎಂದು ಕೇಳಬೇಕು ಎಂದು ನಿಮಗೆ ಅನಿಸಲೇ ಇಲ್ಲ ಅಲ್ವಾ? ಕೇಳದಿದ್ದರೂ ಹೇಳುತ್ತೇನೆ. ಎರಡು ಕೆಂಪುಕಲ್ಲು, ಅದರ ಮೇಲೆ ಹಣ್ಣಿನ ಪೆಟ್ಟಿಗೆ ಒಡೆದು ತೆಗೆದ ಒಂದು ಹಲಗೆ, ಅದರ ಮೇಲೆ ನನ್ನ ಉಪ್ಪು, ಮೆಣಸು, ಕೊತ್ತಂಬರಿಯ ಡಬ್ಬಿಗಳು. ನಾನು ಮದುವೆಯಾಗಿ ಬಂದ ವರ್ಷ ನೀವೇ ಇಟ್ಟುಕೊಟ್ಟ ಕಲ್ಲುಗಳು ಅವು. ಮುಂದಿನ ವರ್ಷ ಕಪಾಟು ಮಾಡುವ, ಅಲ್ಲಿಯವರೆಗೆ ಇದಿರಲಿ ಎಂದಿದ್ದಿರಿ. ಕಲ್ಲು ಈಗಲೂ ಗಟ್ಟಿಯಾಗಿಯೇ ಉಂಟು.

ಸುಳ್ಳು ಏಕೆ ಹೇಳಲಿ, ಆ ಮನೆಯ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ನೀವು ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಿದ್ದ ಆ ವರ್ಷವೆಲ್ಲ ನಾನು ಬಡಿಸಿದ ಅನ್ನದ ಮುಂದೆ ಕುಳಿತು ನೀವು ಆಡಿದ್ದು ಅದೊಂದೇ ಮಾತು. ರತ್ನಕ್ಕನಿಗೆ ಮರದ ಗುಣ ತಿಳಿಯುತ್ತದೆ, ರತ್ನಕ್ಕ ಕುವೈಟಿನಿಂದ ತಂದ ಫ್ರಿಜ್ಜು ಗೋಡೆಯೊಳಗೆ ಕೂತುಕೊಳ್ಳುವಂಥದ್ದು, ಬಾಗಿಲು ಹಾಕಿದರೆ ಅದು ಫ್ರಿಜ್ಜೋ ಕಪಾಟೋ ಎಂದು ಯಾರಿಗೂ ಗೊತ್ತಾಗಬಾರದು ಎಂದು ರತ್ನಕ್ಕ ಹೇಳಿದರು, ಒಂದು ಮೊಳೆಯೂ ಕಾಣದಂತೆ ಮಾಡುತ್ತಿದ್ದೇನೆ ಎಂದೆಲ್ಲ. ನಾನು ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಆ ದಿನಗಳಲ್ಲಿ ನಿಮಗೆ ತಿಳಿಯುತ್ತಿರಲಿಲ್ಲ. ಒಂದು ದಿನ ನಿಜವಾಗಿಯೂ ಹಾಕದೆ ನೋಡಿದ್ದೇನೆ. ಸಾಗುವಾನಿಯ ಗೆರೆಗಳು ಹೇಗೆ ಒಂದಕ್ಕೊಂದು ಕೂಡಿ ಬಂದವು ಎಂದು ವಿವರಿಸುತ್ತಾ ಪೂರಾ ಉಂಡು ಎದ್ದಿರಿ. ನೀವು ತಪ್ಪು ನಡೆಯುವವರು ಎಂದು ನಾನು ಒಂದು ದಿನವೂ ಯೋಚಿಸಿದವಳಲ್ಲ. ಆದರೆ ನಿಮ್ಮ ಕೈಯ ಅಷ್ಟು ಚೆಂದದ ಕೆಲಸ, ನಿಮ್ಮ ಬಾಯಿಯ ಅಷ್ಟು ಹೊಗಳಿಕೆ, ನಿಮ್ಮ ಪ್ರಾಯದ ಒಂದು ಇಡೀ ವರ್ಷ ಇನ್ನೊಬ್ಬಳ ಅಡುಗೆಮನೆಗೆ ಹೋಯಿತಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಆ ಕೆಲಸ ಮುಗಿದದ್ದೇ ನೀವು ಮಸ್ಕತ್ತಿಗೆ ಹೊರಟಿರಿ, ನನ್ನ ಪಾಲಿಗೆ ಉಳಿದದ್ದು ಕೆಂಪುಕಲ್ಲು.

ಈಗ ಸಮಾಚಾರಕ್ಕೆ ಬರುತ್ತೇನೆ. ಕಳೆದ ಬುಧವಾರ ಹಾಜಬ್ಬರ ಅಂಗಡಿಗೆ ನನಗೆ ಫೋನು ಬಂತು. ಇಷ್ಟು ವರ್ಷದಲ್ಲಿ ಆ ಅಂಗಡಿಗೆ ನನಗೆಂದು ಬಂದ ಮೊದಲ ಫೋನು, ನಿಮ್ಮದೇ ಎಂದು ಒದ್ದೆ ಕೈಯಲ್ಲೇ ಓಡಿದೆ. ಆಚೆ ಕಡೆಯಿಂದ ಹೆಂಗಸಿನ ಸ್ವರ. ನಿಮ್ಮ ರತ್ನಕ್ಕ. ಅವರ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿದೆಯಂತೆ, ಒಳಗೆ ಇಟ್ಟ ಹಾಲು ಒಡೆಯುತ್ತದಂತೆ. ಉಡುಪಿಯಿಂದ ಡೊಮಿನಿಕ್ ಎಂಬ ಮೆಕ್ಯಾನಿಕ್ ಬಂದಿದ್ದಾನಂತೆ. ಯಂತ್ರವೆಲ್ಲ ಹಿಂದುಗಡೆ ಉಂಟು, ಹಿಂದೆ ನೋಡಬೇಕಾದರೆ ಫ್ರಿಜ್ಜನ್ನು ಮುಂದೆ ಎಳೆಯಬೇಕು, ಎಳೆಯಲು ನಿಮ್ಮ ಮರದ ಚೌಕಟ್ಟು ಬಿಡುವುದಿಲ್ಲ. ಅದನ್ನು ಬಿಚ್ಚುವುದು ಹೇಗೆಂದು ಅವನಿಗೆ ತಿಳಿಯುವುದಿಲ್ಲ. ಒಂದು ಮೊಳೆ ಕಂಡರಲ್ಲವೇ ತಿಳಿಯುವುದು. ದಾರಿ ಗೊತ್ತಾಗದಿದ್ದರೆ ಬದಿಯ ಹಲಗೆಯನ್ನು ಗರಗಸದಿಂದ ಕೊಯ್ದು ಕೈ ಹಾಕುವಷ್ಟು ಕಿಂಡಿ ಮಾಡುತ್ತೇನೆ ಎನ್ನುತ್ತಿದ್ದಾನಂತೆ. ಆ ಕೆಲಸಕ್ಕೆ ನಿಮ್ಮ ಜೊತೆಗಿದ್ದ ದೇವದಾಸನಿಗೆ ಗೊತ್ತಿರಬಹುದೇ ಎಂದು ಕೇಳಿದರು. ನಿಮ್ಮ ತಮ್ಮ ದೇವದಾಸ ಕಾರ್ಕಳದಲ್ಲಿ ಒಂದು ಮನೆಯ ಮಾಡಿಗೆ ತೊಲೆ ಏರಿಸುವ ಕೆಲಸಕ್ಕೆ ಹೋದವನು, ಶನಿವಾರದವರೆಗೆ ಬರುವವನಲ್ಲ. ಫೋನು ಹಿಡಿದು ನಾನು ಲೆಕ್ಕ ಹಾಕಿದೆ. ಹಲಗೆ ಕೊಯ್ದರೆ ಕೊಯ್ಯಲಿ ಎಂದು ಮೊದಲು ಅನಿಸಿತು, ಅನಿಸಿದ್ದು ನಿಜ. ಆದರೆ ಆ ಹಲಗೆಗೆ ತೂತು ಬಿದ್ದರೆ ಅದನ್ನು ಸರಿಮಾಡಲು ಯಾರು ಬರಬೇಕು? ಮೇ ತಿಂಗಳಿನಲ್ಲಿ ನೀವು ಬರಬೇಕು. ಕೂಡಿ ಬಂದ ಗೆರೆಗಳನ್ನು ಮತ್ತೆ ಕೂಡಿಸಲು ನಿಮ್ಮ ರಜೆಯೆಲ್ಲ ಮಣಿಪಾಲದಲ್ಲಿ ಕಳೆಯಬೇಕು. ಹಾಗಾಗಿ ಗರಗಸ ಮುಟ್ಟಬೇಡಿ ಎಂದು ಹೇಳಿ, ನಾನೇ ಬರುತ್ತೇನೆ ಎಂದೆ. ಅವರಿಗೆ ಉಪಕಾರ ಮಾಡುವ ಮನಸ್ಸು ನನಗೆ ಸಾಸಿವೆಯಷ್ಟೂ ಇರಲಿಲ್ಲ ಎಂಬುದನ್ನು ನೀವು ತಿಳಿದುಕೊಂಡಿರಬೇಕು. ಆ ಅಡುಗೆಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಚಪಲವೂ ಇತ್ತು.

ಮದುವೆಗಳಿಗೆ ಉಡುವ ನೇರಳೆ ಸೀರೆ ಉಟ್ಟು ಹೊರಟೆ. ಫ್ರಿಜ್ಜು ರಿಪೇರಿಗೆ ರೇಷ್ಮೆ ಎಂತಕ್ಕೆ ಎಂದು ಅತ್ತೆ ಕೇಳಿದರು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದಲ್ಲಿ ಇಳಿಯುವಾಗ ಸೀರೆಯ ನೆರಿಗೆಯೆಲ್ಲ ಜನರ ನಡುವೆ ಹಿಂಡಿಹೋಗಿತ್ತು. ಆ ರತ್ನಕ್ಕ ಹೇಗಿರಬಹುದು ಎಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ರೂಪ ಮಾಡಿಕೊಂಡಿದ್ದೆ: ಬೆಳ್ಳಗೆ, ತುಂಬಿದ ಮೈ, ಮಾತಿಗೊಮ್ಮೆ ಬಳೆ ಸರಿಸುವುದು, ನನ್ನನ್ನು ಹೊರಗಿನ ಜಗಲಿಯಲ್ಲೇ ಕೂರಿಸುವುದು. ಅಂಥವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬಾಗಿಲು ತೆರೆದವರು ಒಬ್ಬ ತೆಳ್ಳನೆಯ ಉದ್ದದ ಹೆಂಗಸು, ಕೂದಲು ಅರ್ಧ ನರೆತದ್ದು, ನನ್ನ ತಲೆ ಅವರ ಹೆಗಲಿಗೂ ಮುಟ್ಟುವುದಿಲ್ಲ. ಸೀರೆಯ ಮೇಲೆ ಸೊಂಟಕ್ಕೆ ಅಗಲವಾದ ಒಂದು ಬೆಲ್ಟು ಬಿಗಿದುಕೊಂಡಿದ್ದರು. ಕುವೈಟಿನ ಶೋಕಿ ಇರಬೇಕು ಎಂದುಕೊಂಡೆ. ಬನ್ನಿ ಗುಣವತಿ ಎಂದು ಕೈಹಿಡಿದು ನೇರ ಒಳಗೆ ಕರೆದುಕೊಂಡು ಹೋದರು, ಬಿಸಿಲಿಗೆ ಬಂದಿದ್ದೀರಿ ಎಂದು ಬೆಲ್ಲ, ನೀರು ಕೊಟ್ಟರು. ನಿಮ್ಮ ಪತ್ರ ಬರುತ್ತದೆಯೇ, ಶಾಲಿನಿ ಹೇಗಿದ್ದಾಳೆ ಎಂದು ಹೆಸರು ಹಿಡಿದು ಕೇಳಿದರು. ಆಚಾರ್ರು (ನಿಮ್ಮನ್ನು ಅವರು ಕರೆಯುವುದು ಹಾಗೆ) ಊಟಕ್ಕೆ ಕೂತರೆ ಗುಣವತಿಯ ಮಾತೇ ಹೇಳುತ್ತಿದ್ದರು ಎಂದರು. ನನ್ನ ಮುಂದೆ ಅವರ ಮಾತು, ಅವರ ಮುಂದೆ ನನ್ನ ಮಾತು. ನಿಮ್ಮ ಈ ಬುದ್ಧಿಗೆ ಎಂತ ಹೇಳುವುದು?

ಮತ್ತೆ ಅಡುಗೆಮನೆಗೆ ಹೋದೆವು. ನೋಡಬಾರದಿತ್ತು. ನೀವು ಬಾಯಲ್ಲಿ ಹೇಳಿದ್ದು ಅದರ ಕಾಲು ಭಾಗವೂ ಅಲ್ಲ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಮರವನ್ನು ಹಾಸಿದ ಹಾಗೆ ಕಪಾಟುಗಳು, ಜೇನಿನ ಬಣ್ಣ, ಕೈ ಸವರಿದರೆ ರೇಷ್ಮೆಯಂತೆ ನಯ. ಡಬ್ಬಿಗೊಂದು ಮನೆ, ಸೌಟಿಗೊಂದು ಮನೆ, ತುರಿಮಣೆಯನ್ನು ಒಳಗೆ ತಳ್ಳಿಬಿಡಲು ಅದಕ್ಕೂ ಒಂದು ಗೂಡು. ನಡುವೆ ಎತ್ತರದ ಒಂದು ಬಾಗಿಲು, ಅದರ ಹಿಂದೆ ಫ್ರಿಜ್ಜು. ನನಗೆ ಅಳು ಬಂತು, ಡೊಮಿನಿಕ್ ಎದುರಿಗೆ ಇದ್ದ ಕಾರಣ ತಡೆದುಕೊಂಡೆ. ಚೆಂದ ಇದ್ದದ್ದನ್ನು ಚೆಂದ ಎಂದು ಒಪ್ಪುತ್ತೇನೆ, ಆದರೆ ಅದನ್ನು ನೋಡಿದಾಗ ನನಗೆ ಆದದ್ದು ಸಂತೋಷ ಅಲ್ಲ, ಬರೀ ಹೊಟ್ಟೆಕಿಚ್ಚು. ಒಂದೇ ಒಂದು ಕುಂದು ಕಂಡಿತು. ಮೇಲಿನ ಕಪಾಟಿನ ಮೂಲೆಗೆ ಒಂದು ತುಂಡು ಸ್ಪಂಜನ್ನು ಯಾರೋ ಅಂಟಿಸಿದ್ದರು, ಅಷ್ಟು ಚೆಂದದ ಕೆಲಸದ ಮೇಲೆ ಆ ಹಳದಿ ಸ್ಪಂಜು. ಅದೇಕೆ ಎಂದು ಕೇಳುವಷ್ಟು ಸಲುಗೆ ನನಗೆ ಇನ್ನೂ ಆಗಿರಲಿಲ್ಲ.

ಡೊಮಿನಿಕ್ ಒಳ್ಳೆಯ ಮನುಷ್ಯನೇ, ಆದರೆ ಅವನಿಗೆ ಮಲ್ಪೆಯ ಐಸ್ ಪ್ಲಾಂಟಿಗೆ ಹೋಗಲು ಅವಸರ. ಬದಿಯ ಹಲಗೆಯ ಮೇಲೆ ಪೆನ್ಸಿಲಿನಿಂದ ಚೌಕ ಬರೆದು ಗರಗಸವನ್ನು ಎದುರಿಗೇ ಇಟ್ಟುಕೊಂಡಿದ್ದ. ಫ್ರಿಜ್ಜಿನ ಸುತ್ತ ನೀವು ಕೂರಿಸಿದ ಚೌಕಟ್ಟು ನಾಲ್ಕು ಬೆರಳು ಅಗಲ, ಅದು ಫ್ರಿಜ್ಜಿನ ಅಂಚಿನ ಮೇಲೆ ಹತ್ತಿ ಕೂತಿದೆ, ಅದು ಬಿಡುವ ತನಕ ಫ್ರಿಜ್ಜು ಬರುವುದಿಲ್ಲ. ಅವನು ಬಲಬದಿಯನ್ನೆಲ್ಲ ತಡವಿ ತಡವಿ ಬೇಸತ್ತಿದ್ದ. ನಾನು ನನ್ನ ಒಡವೆಪೆಟ್ಟಿಗೆಯನ್ನು ನೆನೆದೆ. ಮದುವೆಗೆ ನೀವು ಮಾಡಿಕೊಟ್ಟ ಆ ಪೆಟ್ಟಿಗೆಗೆ ಬೀಗ ಇಲ್ಲ. ಅಡಿಯಲ್ಲಿ ಎಡಮೂಲೆಗೆ ಒಂದು ಸಣ್ಣ ಬೆಣೆ, ಮರದ ಬಣ್ಣದ್ದೇ, ಅದನ್ನು ಎಡಗೈ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದರೆ ಮುಚ್ಚಳ ಸಡಿಲುತ್ತದೆ. ಲೋಕದವರೆಲ್ಲ ಬಲಗಡೆ ಹುಡುಕುವಾಗ ನೀವು ಎಡಗಡೆ ಅಡಗಿಸುವವರು. ಚೌಕಟ್ಟಿನ ಎಡಬದಿಯ ಕಪಾಟು ತೆರೆದು, ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು, ಕೆಳಗಿನ ಹಲಗೆಯ ಅಡಿಗೆ ಕೈಹಾಕಿ ತಡವಿದೆ. ಬೆಣೆ ಸಿಕ್ಕಿತು. ಒತ್ತಿದೆ. ಇಡೀ ಚೌಕಟ್ಟು ಒಂದು ಬೆರಳಿನಷ್ಟು ಮೇಲಕ್ಕೆ ಸರಿದು ನನ್ನ ಕೈಗೆ ಬಂತು. ಡೊಮಿನಿಕ್ ಗರಗಸವನ್ನು ಚೀಲಕ್ಕೆ ಹಾಕಿ, ಆಚಾರ್ರ ಹೆಂಡತಿ ಇಲ್ಲದೆ ಈ ಫ್ರಿಜ್ಜಿಗೆ ಕೈಹಾಕಲಿಕ್ಕಿಲ್ಲ ಮಾರಾಯ್ರೆ ಎಂದು ನಕ್ಕ. ರತ್ನಕ್ಕನ ಅಡುಗೆಮನೆಯ ಗುಟ್ಟು ರತ್ನಕ್ಕನಿಗೇ ಗೊತ್ತಿಲ್ಲ, ನನಗೆ ಗೊತ್ತುಂಟು ಎಂದು ನನಗೆ ಒಳಗೊಳಗೇ ಸ್ವಲ್ಪ ಜಂಬ ಬಂತು, ಬರಬಾರದಾ?

ಅದರ ಮೇಲಿನ ಕೆಲಸ ನಿಧಾನದ್ದು. ನೆಲಕ್ಕೆ ಗೋಣಿಚೀಲ ಹಾಸಿ, ಅದರ ಮೇಲೆ ಹಳೆಯ ಕಂಬಳಿ ಮಡಚಿ ಹಾಕಿ, ಡೊಮಿನಿಕ್ ಮತ್ತು ರತ್ನಕ್ಕನ ಡ್ರೈವರು ಎರಡು ಬದಿ ಹಿಡಿದು ಇಂಚಿಂಚೇ ಎಳೆದರು. ಪಾಲಿಶಿಗೆ ಗೀರು ಬೀಳಬಾರದು ಎಂದು ನಾನು ಎರಡು ರಟ್ಟಿನ ತುಂಡುಗಳನ್ನು ಫ್ರಿಜ್ಜಿಗೂ ಮರಕ್ಕೂ ನಡುವೆ ಹಿಡಿದು ಅದರ ಜೊತೆಗೇ ನಡೆದೆ. ಗೀರು ಬಿದ್ದರೂ ನೀವೇ ಬರಬೇಕಲ್ಲ. ಹಿಂಬದಿ ನೋಡಿದರೆ ಕೊಳವೆಗಳ ಮೇಲೆ ಎಣ್ಣೆಯ ಹೊಗೆಯೂ ಧೂಳೂ ಸೇರಿ ಹಳೆಯ ಹಾಸಿಗೆಯ ಹತ್ತಿಯ ಹಾಗೆ ಕಟ್ಟಿಕೊಂಡಿತ್ತು. ಡೊಮಿನಿಕ್ ಬ್ರಶ್ಶಿನಿಂದ ಅದನ್ನೆಲ್ಲ ತಿಕ್ಕಿ ತೆಗೆದ. ಗ್ಯಾಸು ಸರಿ ಉಂಟು, ಯಂತ್ರವೂ ಸರಿ ಉಂಟು, ಆದರೆ ಇದು ಹಿಂದಿನಿಂದ ಬಿಸಿ ಬಿಡುವ ಸಾಮಾನು, ಬಿಸಿ ಹೋಗಲು ದಾರಿಯೇ ಇಡದೆ ಆಚಾರ್ರು ದೇವರಕೋಣೆಯ ಹಾಗೆ ಮುಚ್ಚಿಬಿಟ್ಟಿದ್ದಾರೆ ಎಂದ. ಮೇಲಿನ ಹಲಗೆಯೊಂದನ್ನು ತೆಗೆದಿಟ್ಟರೆ ಸಾಕಂತೆ. ನೀವು ಅಷ್ಟು ಹೊಗಳಿಕೊಂಡ ಕೆಲಸದಲ್ಲೂ ಒಂದು ತಪ್ಪು ಉಂಟು ಎಂದು ಕೇಳಿ ನನಗೆ ಖುಷಿಯಾಯಿತು. ಬೈಯಬೇಡಿ, ಆ ಹೊತ್ತಿಗೆ ನನಗೆ ಆ ಖುಷಿ ಬೇಕಿತ್ತು.

ಆದರೆ ಅದು ಬಾಳಿದ್ದು ಸ್ವಲ್ಪ ಹೊತ್ತು. ಫ್ರಿಜ್ಜಿನ ಹಿಂದೆ, ಗೋಡೆಗೆ ಒರಗಿಸಿ, ಒಂದು ಬಿದಿರಿನ ಸಲಾಕೆ ನಿಂತಿತ್ತು. ಉದ್ದಕ್ಕೂ ಉಳಿಯಿಂದ ಕಚ್ಚು ಹಾಕಿದ ಗುರುತುಗಳು, ತುದಿಯಲ್ಲಿ ನೀಲಿ ಬಣ್ಣ. ಆ ನೀಲಿ ನಮ್ಮ ಶಾಲಿನಿ ಮೆತ್ತಿದ್ದು, ನಮ್ಮ ಕಿಟಕಿಗೆ ಬಳಿಯಲು ನೀವು ತಂದ ಬಣ್ಣ. ನಿಮಗೆ ನೆನಪುಂಟೋ ಇಲ್ಲವೋ, ನನಗುಂಟು. ಒಂದು ಸಂಜೆ ನೀವು ಈ ಸಲಾಕೆ ಹಿಡಿದು ಬಂದು ನನ್ನನ್ನು ಗೋಡೆಗೆ ನಿಲ್ಲಿಸಿದಿರಿ. ಕೈ ಎತ್ತು ಎಂದಿರಿ, ಬೆರಳ ತುದಿಗೆ ಒಂದು ಕಚ್ಚು. ಮೊಣಕೈ ಮಡಚು ಎಂದಿರಿ, ಅಲ್ಲಿಗೊಂದು. ತೆಂಗಿನಕಾಯಿ ತುರಿಯುವ ಹಾಗೆ ನಿಲ್ಲು, ಅಲ್ಲಿಗೊಂದು. ಎಂತಕ್ಕೆ ಎಂದು ನಾನು ಕೇಳಿದಾಗ ನೀವು ಹೇಳಿದ ಮಾತು ಹಾಗೆಯೇ ನೆನಪಿದೆ: "ಅಡುಗೆಮನೆಯ ಅಳತೆ ಟೇಪಿನಲ್ಲಿ ಸಿಕ್ಕುವುದಿಲ್ಲ ಗುಣ, ಅಡುಗೆ ಮಾಡುವವಳ ಕೈಯಲ್ಲಿ ಉಂಟು." ನನ್ನ ಕಪಾಟಿಗೆ ಕೊನೆಗೂ ಗಳಿಗೆ ಬಂತು ಎಂದು ನಾನು ಆ ದಿನ ಪಾಯಸ ಮಾಡಿದ್ದೆ. ಮರುದಿನ ಸಲಾಕೆ ನಿಮ್ಮ ಸಾಮಾನಿನ ಚೀಲದೊಂದಿಗೆ ಹೋಯಿತು, ಮತ್ತೆ ಮನೆಗೆ ಬರಲಿಲ್ಲ.

ನಾನು ಸಲಾಕೆ ಹಿಡಿದು ಎದ್ದು ನಿಂತೆ. ಕೈ ತನ್ನಷ್ಟಕ್ಕೆ ಮೇಲಿನ ಕಪಾಟಿಗೆ ಹೋಯಿತು, ಹಿಮ್ಮಡಿ ಎತ್ತದೆ ಮೇಲಿನ ಡಬ್ಬಿ ಕೈಗೆ ಸಿಕ್ಕಿತು. ಕೆಳಗಿನ ಕಲ್ಲುಚಪ್ಪಡಿ ಸರಿಯಾಗಿ ನನ್ನ ಮೊಣಕೈಯ ಕೆಳಗೆ. ತುರಿಮಣೆಯ ಗೂಡು ನನ್ನ ಸೊಂಟಕ್ಕೆ. ಎಲ್ಲಿ ಕೈ ಚಾಚಿದರೂ ಆ ಮನೆ ನನಗೆ ಒದಗಿ ಬಂತು. ಐದಡಿಯೂ ಇಲ್ಲದ ನನಗೆ ಲೋಕದಲ್ಲಿ ಯಾವುದೂ ಹಾಗೆ ಕೈಗೆ ಬಂದದ್ದಿಲ್ಲ, ನಮ್ಮ ಬಾವಿಯ ರಾಟೆಯೂ ಇಲ್ಲ. ರತ್ನಕ್ಕ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. ಆಮೇಲೆ ಒಳಗೆ ಬಂದು ನನ್ನ ಪಕ್ಕ ನಿಂತರು. ಅವರಿಗೆ ಚಪ್ಪಡಿ ತೊಡೆಯ ಹತ್ತಿರ, ಬಗ್ಗದೆ ಒಂದು ಬೆಂಡೆಕಾಯಿ ಕೊಯ್ಯಲಾಗದು. ಮೇಲಿನ ಕಪಾಟಿನ ಮೂಲೆ ಸರಿಯಾಗಿ ಅವರ ಹಣೆಗೆ. ಸ್ಪಂಜು ಏಕೆಂದು ಆಗ ನನಗೆ ತಿಳಿಯಿತು, ಸೊಂಟದ ಬೆಲ್ಟು ಶೋಕಿಯದಲ್ಲ, ಆಸ್ಪತ್ರೆಯಲ್ಲಿ ಕೊಟ್ಟದ್ದು ಎಂದೂ ತಿಳಿಯಿತು. "ನಾವೆಲ್ಲ ಕೂತು ಅಡುಗೆ ಮಾಡಿ ಬೆಳೆದವರು ಗುಣವತಿ. ನಿಂತು ಮಾಡುವುದೆಂದರೆ ಇಷ್ಟು ಬಗ್ಗಲಿಕ್ಕೆ ಉಂಟು ಎಂದೇ ನಾನು ತಿಳಿದದ್ದು," ಎಂದರು. ಅಳತೆ ಯಾರದ್ದು ಎಂದು ಕೇಳಿದರು. ನಾನು ಸಲಾಕೆ ತೋರಿಸಿದೆ. ಅವರು ಕೋಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವರು ನಕ್ಕುಬಿಟ್ಟರು. ಆಚಾರ್ರು ನನ್ನೊಡನೆ ಮಾತಾಡುವಾಗ ಯಾವಾಗಲೂ ನೆಲ ನೋಡುತ್ತಿದ್ದರು, ಅಳತೆ ಹಿಡಿಯಲು ನಿಲ್ಲಿ ಎಂದು ಹೇಳಲು ಸಂಕೋಚವಾಗಿರಬೇಕು, ಹಾಗಾಗಿ ಮನೆಯಿಂದ ತಂದಿದ್ದಾರೆ ಎಂದರು.

ನನಗೆ ನಗು ಬರಲಿಲ್ಲ. ಮಣಿಪಾಲದ ಶ್ರೀಮಂತರ ಅಡುಗೆಮನೆಯಲ್ಲಿ ನೀವು ಕಟ್ಟಿ ನಿಲ್ಲಿಸಿದ್ದು ನನ್ನನ್ನೇ ಎಂದು ಹಿಗ್ಗಬೇಕೋ, ನನ್ನ ಅಳತೆ ಕದ್ದು ಇನ್ನೊಬ್ಬಳಿಗೆ ಕೊಟ್ಟಿರಿ ಎಂದು ಉರಿಯಬೇಕೋ? ಎರಡೂ ಆಯಿತು. ಬಸ್ಸಿನಲ್ಲಿ ಬರುವಾಗ ಹಿಗ್ಗು ಉಡುಪಿಯಲ್ಲೇ ಇಳಿದುಹೋಯಿತು, ಉರಿ ಮಾತ್ರ ಕಾಪುವರೆಗೆ ಬಂತು. ಏಕೆಂದರೆ ಕಟಪಾಡಿ ದಾಟುವಾಗ ನನಗೆ ನಮ್ಮ ಪಕ್ಕದ ಮನೆಯ ಆಂಜೆಲಾಬಾಯಿಯ ನೆನಪಾಯಿತು. ಅವರ ಅಕ್ಕಿ ಕಪಾಟಿಗೆ ಅಳತೆ ಹಿಡಿಯುವಾಗ ನೀವು ಅವರನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಇನ್ನೂ ಮೇಲೆ ಬಾಯಮ್ಮ, ಇನ್ನೂ ಮೇಲೆ ಎಂದು ತಮಾಷೆ ಮಾಡಿದ್ದನ್ನು ನಾನು ಬೇಲಿಯ ಈಚೆಯಿಂದ ನೋಡಿದ್ದೇನೆ. ಅಲ್ಲಿ ಇಲ್ಲದ ಸಂಕೋಚ ಇಲ್ಲಿ ಎಲ್ಲಿಂದ ಬಂತು? ಆಂಜೆಲಾಬಾಯಿಯ ಮುಖ ನೋಡಿ ಮಾತಾಡುವವರಿಗೆ ರತ್ನಕ್ಕನ ಎದುರು ನೆಲ ನೋಡಬೇಕೆಂದು ಏಕೆ ಅನಿಸಿತು? ಇದಕ್ಕೆ ಪತ್ರದಲ್ಲಿ ಉತ್ತರ ಬೇಡ. ಮೇ ತಿಂಗಳಿನಲ್ಲಿ ನನ್ನ ಎದುರು ಕೂತು, ನೆಲ ನೋಡದೆ ಹೇಳಿ.

ಫ್ರಿಜ್ಜು ಈಗ ಸರಿಯಾಗಿದೆ. ನಾನು ಹೊರಡುವ ಮೊದಲೇ ಅದು ಗುಂಯ್ ಎನ್ನುತ್ತಾ ಒಳಗೆ ತಣ್ಣಗಾಗಿತ್ತು. ಚೌಕಟ್ಟನ್ನು ನಾನೇ ಕೂರಿಸಿ ಬೆಣೆ ಒತ್ತಿ ಬಂದೆ, ಮರಕ್ಕೆ ಒಂದು ಗೀರು ಇಲ್ಲ, ಪೆನ್ಸಿಲಿನ ಗೆರೆಯನ್ನೂ ಒದ್ದೆ ಬಟ್ಟೆಯಲ್ಲಿ ಒರಸಿದೆ. ನೀವು ಮಣಿಪಾಲಕ್ಕೆ ಹೋಗುವ ಕಾರಣವೇ ಇಲ್ಲದಂತೆ ಮಾಡಿದೆ ಎಂದು ಎಣಿಸುವಷ್ಟರಲ್ಲಿ ರತ್ನಕ್ಕ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡರು. ಆಚಾರ್ರು ರಜೆಗೆ ಬರುತ್ತಾರಂತಲ್ಲ, ಅವರಿಗೆ ಬರೆಯಿರಿ, ಒಂದು ಸಲ ಬಂದು ಕಪಾಟು, ಚಪ್ಪಡಿ ಎಲ್ಲ ನನ್ನ ಎತ್ತರಕ್ಕೆ ಏರಿಸಿ ಕೊಡಲಿ, ಈ ಬೆನ್ನುನೋವು ನನ್ನಿಂದ ತಡೆಯಲಾಗುವುದಿಲ್ಲ ಎಂದರು. ಹಲಗೆ ಉಳಿಸಲು ಹೋದವಳು ನಾನೇ, ಅವರ ಎದುರು ಕೈ ಎತ್ತಿ ನಿಂತು ಅಳತೆ ತಪ್ಪಿದ್ದನ್ನು ತೋರಿಸಿಕೊಟ್ಟವಳೂ ನಾನೇ. ಆ ಉದ್ದದ ಹೆಂಗಸು ಬೆಲ್ಟಿನ ಮೇಲೆ ಕೈಯಿಟ್ಟು ಬೇಡುವಾಗ ಆಗುವುದಿಲ್ಲ ಎಂದು ನನ್ನ ಬಾಯಿಯಿಂದ ಬರಲಿಲ್ಲ. ಬರೆಯುತ್ತೇನೆ ಎಂದೆ. ಬರೆದಿದ್ದೇನೆ, ಮಾತು ಉಳಿಸಿಕೊಂಡಿದ್ದೇನೆ.

ಶಾಲಿನಿ ನಿಮಗೆ ಮುತ್ತು ಕಳಿಸಿದ್ದಾಳೆ, ಅವಳಿಗೆ ಬಣ್ಣದ ಪೆನ್ಸಿಲು ತರಬೇಕಂತೆ. ಅತ್ತೆಯ ಆಶೀರ್ವಾದ. ದೇವದಾಸ ಶನಿವಾರ ಬಂದಿದ್ದಾನೆ, ಅಣ್ಣನನ್ನು ಕೇಳಿದ್ದೇನೆ ಎಂದು ಬರೆಯಲು ಹೇಳಿದ. ಆಂಜೆಲಾಬಾಯಿಯೂ ನಿಮ್ಮನ್ನು ಕೇಳಿದರು, ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಬೆರಳಿಗೆ ನೀರು ತಾಗಿಸಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ದೇವರು ನಿಮ್ಮನ್ನು ಆದಷ್ಟು ಬೇಗ ಈ ಬಾಗಿಲಿಗೆ ತಂದು ಬಿಡಲಿ.

ಇಷ್ಟು ಜಗಳವಾಡಿದರೂ ನಿಮ್ಮವಳೇ ಆದ,
ಗುಣವತಿ

ಮರೆತಿದ್ದೆ: ಅಲಿ ಬಂದು ಜಗಲಿಯಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಣಿಪಾಲದಿಂದ ಹೊರಡುವ ಮೊದಲು ರತ್ನಕ್ಕನನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಮೊಣಕೈ ಮಡಚಿಸಿ, ಅವರ ಅಳತೆಯನ್ನು ನಾನೇ ಹಿಡಿದು ತಂದಿದ್ದೇನೆ. ಅವರ ಹಿತ್ತಿಲಿನ ಬಟ್ಟೆ ಒಣಗಿಸುವ ಬಿದಿರಿಗೆ ಕತ್ತಿಯಲ್ಲಿ ಕಚ್ಚು ಹಾಕಿದೆ. ಅಷ್ಟುದ್ದದ ಬಿದಿರು ಹಿಡಿದು ಬಸ್ಸು ಹತ್ತಿದ್ದಕ್ಕೆ ಕಂಡಕ್ಟರನಿಂದ ಬೈಸಿಕೊಂಡದ್ದೂ ಆಯಿತು. ಅದು ನಮ್ಮ ಬಾಗಿಲ ಹಿಂದೆ ಉಂಟು. ಅವರಿಗೆ ಬೇಕಾದ ಹೊಸ ಹಲಗೆಗಳನ್ನೆಲ್ಲ ನೀವು ನಮ್ಮ ಅಂಗಳದಲ್ಲೇ ಕೂತು ಮಾಡಿ, ಬಿಚ್ಚಿ ಜೋಡಿಸಲು ದೇವದಾಸ ಹೋಗುತ್ತಾನೆ, ಬೆಣೆ ಎಲ್ಲಿದೆ ಎಂದು ಅವನಿಗೆ ಹೇಳಿಕೊಟ್ಟಿದ್ದೇನೆ. ನೀವು ಮಣಿಪಾಲದ ಬಸ್ಸು ಹತ್ತಬೇಕಾಗಿಲ್ಲ. ಅದಕ್ಕೂ ಮೊದಲು ನನ್ನ ಕಪಾಟು ಆಗಬೇಕು. ಅಲ್ಲಿಂದ ತಂದ ನನ್ನ ಹಳೆಯ ಸಲಾಕೆಯನ್ನು ಮೊನ್ನೆ ಬಚ್ಚಲ ಒಲೆಗೆ ಹಾಕಿ ಸುಟ್ಟೆ. ನನ್ನ ಅಳತೆ ಈಗ ಯಾರ ಮನೆಯಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ಅದನ್ನು ನೀವೇ ಬಂದು ಹಿಡಿಯಬೇಕು.